ಗುಬ್ಬಿ ಬೀಳಿಸುವ ಕೆಲಸ

ಡ್ರೋನ್ ಹಾರಿಸಲು ಬಾರದವರು ಬೇಕಾಗಿದ್ದಾರೆ ಎಂಬ ಭಿತ್ತಿಪತ್ರ ಹುಬ್ಬಳ್ಳಿಯ ಬಸ್ ನಿಲ್ದಾಣಗಳಲ್ಲಿ ಕಾಣಿಸಿಕೊಂಡಾಗ ಜನ ಮೊದಲು ನಕ್ಕರು, ಆಮೇಲೆ ಸಾಲು ಹಚ್ಚಿದರು. ಬಾರದು ಎನ್ನುವುದೇ ಅರ್ಹತೆಯಾದ ಕೆಲಸ ಯಾರಿಗೆ ಬೇಡ? ನಿವೃತ್ತ ಪೋಸ್ಟ್ ಮಾಸ್ತರರು, ಬ್ಯೂಟಿ ಪಾರ್ಲರಿನ ಹುಡುಗಿಯರು, ಮದುವೆ ಸೀಸನ್ ಮುಗಿಸಿ ಖಾಲಿ ಕುಳಿತ ಬ್ಯಾಂಡಿನವರು, ಎಲ್ಲರೂ ಊರ ಹೊರಗಿನ ಹಳೆಯ ಹತ್ತಿ ಗೋದಾಮಿಗೆ ಬಂದು, ಕೈಗೆ ಕೊಟ್ಟ ಪುಟ್ಟ ಯಂತ್ರವನ್ನು ಮನಸಾರೆ ಗೋಡೆಗೆ ಗುದ್ದಿಸಿ ಹೋಗುತ್ತಿದ್ದರು.

ಅದು ಮನೆಮನೆಗೂ ಡ್ರೋನ್ ಬಂದ ಕಾಲ. ಮರೆತು ಬಂದ ಬೀಗದ ಕೈ, ಅಜ್ಜಿಯ ಮಾತ್ರೆ, ಮಧ್ಯಾಹ್ನದ ಬುತ್ತಿ, ಎಲ್ಲ ಆಕಾಶದ ದಾರಿ ಹಿಡಿದಿದ್ದವು. ದಾರಿಯ ತುಂಬ ಯಂತ್ರ ತಾನೇ ಹಾರುತ್ತಿತ್ತು. ಆದರೆ ಕೊನೆಯ ಹತ್ತಿಪ್ಪತ್ತು ಮಾರು, ಅಂದರೆ ನೆರೆಯವರ ಬಟ್ಟೆ ಹಗ್ಗ, ಕೇಬಲ್ಲು, ತೆಂಗಿನ ಗರಿಗಳ ನಡುವಿನಿಂದ ಮನೆಯ ಮಾಳಿಗೆಗೆ ಇಳಿಸುವುದನ್ನು ಮನೆಯವರೇ ಕೈಯಾರೆ ಮಾಡಬೇಕೆಂದು ಸರ್ಕಾರ ನಿಯಮ ಮಾಡಿತ್ತು. ಏನಾದರೂ ಹೆಚ್ಚುಕಡಿಮೆಯಾದರೆ ಹೊಣೆ ಹೊರಲು ಒಬ್ಬ ಮನುಷ್ಯ ಬೇಕಲ್ಲ, ಅದಕ್ಕೆ. ಹೀಗಾಗಿ ಊರಿಗೆ ಊರೇ ಹೊಸ ಪೈಲಟ್ಟುಗಳಿಂದ ತುಂಬಿಹೋಯಿತು. ಅವರ ಕೈಗೆ ಸಿಕ್ಕ ಡ್ರೋನುಗಳ ಗತಿ ದೇವರಿಗೇ ಪ್ರೀತಿ.

ಆ ಗತಿಯನ್ನು ಬದಲಿಸುವುದು ನೀಲಾಂಬಿಕಾ ಅಂಗಡಿ ಎಂಬ ಎಂಜಿನಿಯರಿನ ಕೆಲಸ. ಹತ್ತಿ ಗೋದಾಮಿನಲ್ಲಿ ನಡೆಯುವ ಬೀಳಿಸಿ ನೋಡುವ ಪರೀಕ್ಷೆಗೆ ಅವಳೇ ಮುಖ್ಯಸ್ಥೆ. ಗೋದಾಮು ನಡೆಸುವ ಡ್ರೋನ್ ಕಂಪನಿಯ ಯಂತ್ರಕ್ಕೆ ಗುಬ್ಬಿ ಎಂದು ಹೆಸರು. ಮೊದಲ ಗುಬ್ಬಿಗಳು ಒಂದು ಸಲ ಬಿದ್ದರೆ ರೆಕ್ಕೆ ಮುರಿದುಕೊಂಡು, ಎರಡನೆಯ ಸಲಕ್ಕೆ ಬೆನ್ನು ಮುರಿದುಕೊಂಡು ಕಸದ ಬುಟ್ಟಿ ಸೇರುತ್ತಿದ್ದವು. ನೀಲಾಂಬಿಕೆಯೂ ಅವಳ ಸಹಾಯಕಿ ಮೆಹರುನ್ನಿಸಾಳೂ ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಅದರ ಮೈ ಬದಲಿಸಿದರು. ತೂಕ ಇಳಿಸಿದರು, ಯಾಕೆಂದರೆ ಹಗುರಾಗಿದ್ದಷ್ಟೂ ಪೆಟ್ಟು ಕಡಿಮೆ. ಪೆಟ್ಟು ಬಿದ್ದರೆ ಮುರಿಯುವ ಬದಲು ಬಗ್ಗಿ, ಮತ್ತೆ ತಾನಾಗಿ ನೆಟ್ಟಗಾಗುವ ತೋಳುಗಳನ್ನು ಇಟ್ಟರು. ನೆಲಕ್ಕೆ ಬಡಿಯುವ ಹೊತ್ತಿಗೆ ಬ್ಯಾಟರಿ ಪಟಕ್ಕನೆ ಕಳಚಿ ಹೊರಗೆ ಜಿಗಿಯುವಂತೆ ಮಾಡಿದರು. ಈಗ ಗುಬ್ಬಿಯನ್ನು ಗೋಡೆಗೆ ಎಸೆದರೂ, ಬ್ಯಾಟರಿ ಹುಡುಕಿ ತಂದು ಸಿಕ್ಕಿಸಿದರೆ ಮತ್ತೆ ಹಾರುತ್ತಿತ್ತು.

ಆದರೆ ಗಟ್ಟಿ ಮೈ ಇದ್ದ ಮಾತ್ರಕ್ಕೆ ಬೀಳುವುದು ತಪ್ಪುವುದಿಲ್ಲ. ಅಜ್ಜಿಯ ಮಾತ್ರೆ ಹೊತ್ತ ಗುಬ್ಬಿ ಬದುಕಿ ಉಳಿದರೂ ಮಾತ್ರೆ ಗಟಾರದ ಪಾಲಾದರೆ ಏನು ಬಂತು? ಅದಕ್ಕೇ ಅವರು ಕೈಗುಣ ಎಂಬ ಎಲೆಕ್ಟ್ರಾನಿಕ್ ಚಿಪ್ಪನ್ನು ಮಾಡಹೊರಟಿದ್ದರು. ಹಾರಿಸುವವರು ಒಂದು ಕನ್ನಡಕ ಹಾಕಿಕೊಳ್ಳಬೇಕು. ಕಣ್ಣು ಎಲ್ಲಿಗೆ ಹೋಗುತ್ತದೆ ಎಂಬುದರಿಂದ ಅವರ ಮನಸ್ಸಿನಲ್ಲಿ ಏನಿದೆ ಎಂದು ಚಿಪ್ಪಿಗೆ ತಿಳಿಯುತ್ತದೆ, ಹೆಬ್ಬೆರಳು ಒತ್ತಿದ್ದರಿಂದ ಕೈ ಏನು ಮಾಡಿತು ಎಂದು ತಿಳಿಯುತ್ತದೆ. ಎರಡರ ನಡುವಿನ ಅಂತರವನ್ನು ಚಿಪ್ಪು ಕಲಿತುಕೊಂಡು, ಮುಂದಿನ ಸಲ ಕೈಯ ಮಾತು ಬಿಟ್ಟು ಮನಸ್ಸಿನ ಮಾತು ಕೇಳುತ್ತದೆ.

ಇದನ್ನು ಕಲಿಸಲು ನಿಜವಾದ ಹೊಸಬರೇ ಬೇಕು. ಕಲಿತವನು ಎಷ್ಟೇ ನಾಟಕ ಮಾಡಿದರೂ ಆಗದು. ಕಂಪನಿಯ ಯಜಮಾನ ಅನಿರುದ್ಧ ಕಟ್ಟಿ ಒಮ್ಮೆ ತಾನೇ ಬೇಕಂತ ಬೀಳಿಸಿ ನೋಡಿದ. ಗುದ್ದುವ ಕಂಬದ ಮೇಲೆ ಅವನ ಕಣ್ಣು ಮೊದಲೇ ಹೋಗಿ ಕೂತಿತ್ತು, ಚಿಪ್ಪಿಗೆ ಅವನ ಕಳ್ಳಾಟ ತಿಳಿದುಹೋಯಿತು. ಹೊಸಬರ ತೊಂದರೆ ಇನ್ನೊಂದು ತರಹದ್ದು. ಅವರು ಹೊಸಬರಾಗಿ ಉಳಿಯುವುದಿಲ್ಲ. ಎರಡು ಮೂರು ದಿನಕ್ಕೆ ಕೈ ಕಲಿತುಬಿಡುತ್ತದೆ. ಕಲಿತ ಕೂಡಲೇ ಅವರ ಕೈಗೊಂದು ಸ್ಟೀಲ್ ಡಬ್ಬಿ ಕೊಟ್ಟು, ನಮಸ್ಕಾರ ಹೇಳಿ ಕಳಿಸುವುದು ಗೋದಾಮಿನ ಪದ್ಧತಿ. ಚೆನ್ನಾಗಿ ಕಲಿತಿದ್ದಕ್ಕೆ ಕೆಲಸ ಕಳೆದುಕೊಳ್ಳುವ ಜಾಗ ಜಗತ್ತಿನಲ್ಲಿ ಅದೊಂದೇ ಇದ್ದಿರಬೇಕು.

ಎಷ್ಟು ದಿನವಾದರೂ ಕಲಿಯದ ಒಬ್ಬ ಮನುಷ್ಯ ಸಿಕ್ಕಿದ್ದರೆ ಚಿಪ್ಪು ಯಾವಾಗಲೋ ಪಕ್ವವಾಗುತ್ತಿತ್ತು. ಅಂಥವನು ಎಲ್ಲಿದ್ದಾನೆ ಎಂದು ನೀಲಾಂಬಿಕೆ ಹುಡುಕುತ್ತಿರುವಾಗ ಅವನು ಅವಳ ಮನೆಯಲ್ಲೇ ಇದ್ದ.

ಅವಳ ಗಂಡ ಚನ್ನವೀರನದು ಡ್ರೈವಿಂಗ್ ಸ್ಕೂಲು. ಅರ್ಧ ಹುಬ್ಬಳ್ಳಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದ ಅಂಗಡಿ ಮಾಸ್ತರ ಅವನೇ. ಕಾರಿನ ಜೊತೆಗೆ ಡ್ರೋನ್ ಹಾರಿಸುವುದನ್ನೂ ಕಲಿಸಿದರೆ ಹೇಗೆ ಎಂಬ ಯೋಚನೆ ಅವನಿಗೆ ಬಂತು. ಬೇಸಿಗೆಯಲ್ಲಿ ಒಂದು ದಿನ ಗೋದಾಮಿಗೆ ಬಂದು, "ಸ್ಟೇರಿಂಗ್ ಹಿಡದ ಕೈಗೆ ಇದೇನ್ ದೊಡ್ಡದು?" ಎಂದು ಗತ್ತಿನಿಂದ ಕನ್ನಡಕ ಹಾಕಿಕೊಂಡ. ಗುಬ್ಬಿ ನೇರ ಗೋಡೆಗೆ ಹೋಯಿತು. ಮರುದಿನ ತಗಡಿನ ಮಾಡಿಗೆ. ಮುಂದಿನ ವಾರ ಕಟ್ಟಿಯ ಚಹಾದ ಕಪ್ಪಿಗೆ.

"ಸರ, ನಿಮ್ಮಂಥಾ ಕೈ ನಾ ಎಲ್ಲೂ ನೋಡಿಲ್ಲ" ಎಂದು ಮೆಹರುನ್ನಿಸಾ ಬಾಯಿಗೆ ಸೆರಗು ಹಿಡಿದು ನಕ್ಕಳು. "ಮಂದಿ ಎರಡ ದಿನದಾಗ ಕಲತ ಹೋಗ್ತಾರ. ನೀವು ತಿಂಗಳಾದ್ರೂ ನಿಯತ್ತಿಲೆ ಬೀಳಸ್ತೀರಿ."

"ಕೊಟ್ಟ ಕೆಲಸ ಚಂದಂಗ ಮಾಡ್ಬೇಕವಾ" ಎಂದ ಚನ್ನವೀರ.

ಕಟ್ಟಿಗಂತೂ ನಿಧಿ ಸಿಕ್ಕಂತಾಯಿತು. ದಿನಾ ಮಧ್ಯಾಹ್ನ ಪಾಠವಿಲ್ಲದ ಹೊತ್ತಿನಲ್ಲಿ ಬಂದು ಬೀಳಿಸಿ ಹೋಗಿ ಎಂದು ಕೇಳಿಕೊಂಡ. ಚನ್ನವೀರ ಬಂದ. ಬಿದ್ದಾಗಲೆಲ್ಲ ಗೋದಾಮಿನ ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು, ಅವನು ತಲೆಬಾಗಿ ಶರಣು ಮಾಡುತ್ತಿದ್ದ. ನೀಲಾಂಬಿಕೆಯೂ ನಗುತ್ತಿದ್ದಳು. ಮಳೆಗಾಲ ಮುಗಿಯುವ ಹೊತ್ತಿಗೆ ಚಿಪ್ಪು ಎಷ್ಟು ಪಳಗಿತೆಂದರೆ, ಅವನು ಹೇಗೆ ಒತ್ತಿದರೂ ಗುಬ್ಬಿ ಅವನು ನೋಡಿದ ಕಡೆಗೇ ಹೋಗಿ ಕೂರುತ್ತಿತ್ತು. ಪುಣೆಯಿಂದ ಹಣ ಹಾಕುವವರು ನೋಡಲು ಬರುತ್ತಾರೆ, ಗುರುವಾರ ಪ್ರದರ್ಶನ ಎಂದು ಗೊತ್ತಾಯಿತು. ಹಾರಿಸುವವನು ಚನ್ನವೀರನೇ.

ಆ ವಾರದ ಮೊದಲಿಗೆ, ಸಂಜೆ, ಮನೆಯಲ್ಲಿ ಮೂವರೂ ಊಟಕ್ಕೆ ಕುಳಿತಿದ್ದರು. ಮಗಳು ದಾನೇಶ್ವರಿಗೆ ಆಗಷ್ಟೇ ಹದಿನೆಂಟು ತುಂಬಿ, ಕಲಿಕೆಯ ಲೈಸನ್ಸು ಕೈಗೆ ಬಂದಿತ್ತು. ಬರುವ ಸೋಮವಾರದಿಂದ ಅಪ್ಪನ ಹತ್ತಿರ ಕಾರು ಕಲಿಯುವುದೆಂದು ಆ ಮನೆಯಲ್ಲಿ ಅವಳು ಹುಟ್ಟಿದಾಗಲೇ ತೀರ್ಮಾನವಾದಂತಿತ್ತು.

"ಅಪ್ಪಾ, ನನಗೂ ಮೊದಲನೇ ದಿನ ಚೀಲಕ್ಕ ಗುದ್ದಸ್ತೀಯೇನು?" ಎಂದಳು ದಾನಿ.

"ಗುದ್ದಬೇಕವಾ. ನನ್ನ ಕಡೆ ಕಲತಾವ್ರೆಲ್ಲಾ ಗುದ್ದ್ಯಾರ. ಮೊದಲನೇ ಗುದ್ದು ಉಸುಕಿನ ಚೀಲಕ್ಕ ಆಗ್ಲಿ, ಮನುಷ್ಯಾಗ ಬ್ಯಾಡ" ಎಂದು ಹೇಳುತ್ತ ಚನ್ನವೀರ ಶೇಂಗಾ ಚಟ್ನಿಯ ಡಬ್ಬಿಗೆ ಕೈ ಚಾಚಿದ.

ಕೈ ಡಬ್ಬಿಯನ್ನು ದಾಟಿ ಹೋಯಿತು. ಮಜ್ಜಿಗೆಯ ಲೋಟಕ್ಕೆ ತಾಗಿ, ಬಳಸಿಕೊಂಡು ಹಿಂದಕ್ಕೆ ಬಂದು, ಡಬ್ಬಿಯ ಈಚೆಗೆ ಒಂದು ಕ್ಷಣ ನಿಂತು, ಆಮೇಲೆ ಹಿಡಿಯಿತು. ದಾನಿ ಗಮನಿಸಲಿಲ್ಲ. ಅವನೂ ಮಾತು ನಿಲ್ಲಿಸಲಿಲ್ಲ. ನೀಲಾಂಬಿಕೆಯ ಕೈಯಲ್ಲಿದ್ದ ರೊಟ್ಟಿಯ ತುಂಡು ಮಾತ್ರ ಬಾಯಿಗೆ ಹೋಗಲಿಲ್ಲ. ಕುಡುಗೋಲಿನಂತೆ ಬಾಗಿದ ಆ ಗೆರೆಯನ್ನು ಅವಳು ಬಲ್ಲಳು. ತಿಂಗಳುಗಟ್ಟಲೆ ಪರದೆಯ ಮೇಲೆ ಅದನ್ನೇ ನೋಡಿದ್ದಳು. ಅದು ಗುಬ್ಬಿಯ ದಾರಿ ಎಂದುಕೊಂಡಿದ್ದಳು.

ಊಟದ ನಂತರ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಗಂಡ ಬಾಗಿಲ ಚಿಲಕ ಹಾಕುವುದನ್ನು, ಅಂಗಿಯ ಗುಂಡಿ ಬಿಚ್ಚುವುದನ್ನು ಕದ್ದು ನೋಡಿದಳು. ಚಿಲಕಕ್ಕೆ ಕೈ ಸರಿಯಾಗಿ ಹೋಯಿತು, ಅವಳಿಗೆ ಜೀವ ಬಂದಂತಾಯಿತು. ಗುಂಡಿ ಬಿಚ್ಚುವಾಗ ತಡವರಿಸಿತು, ಬಂದ ಜೀವ ಹೋಯಿತು. ಹೆಂಡತಿ ಬೆಕ್ಕಿನಂತೆ ಹಿಂದೆ ಹಿಂದೆ ಸುಳಿಯುವುದನ್ನು ಕಂಡು ಅವನು, "ಏನ್ ನೀಲಾ, ಏನರೆ ಬೇಕಾಗಿತ್ತೇನು?" ಎಂದು ಕೇಳಿದ. ಏನಿಲ್ಲ ಎಂದಳು.

ಬೆಳಿಗ್ಗೆ ಗೋದಾಮಿಗೆ ಎಲ್ಲರಿಗಿಂತ ಮೊದಲು ಬಂದು ಮೆಹರುನ್ನಿಸಾಳನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಎಲ್ಲ ಹೊಸಬರ ಗೆರೆಗಳನ್ನೂ ಒಂದೇ ಪರದೆಗೆ ತಂದರು. ಕಣ್ಣಿನ ಗೆರೆ ಒಂದೆಡೆ, ಕೈಯ ಗೆರೆ ಇನ್ನೊಂದೆಡೆ. ಹೊಸಬರ ಕೈ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಮ್ಮೆ ಮುಂಚೆ, ಒಮ್ಮೆ ತಡ. ತಟ್ಟೆಯಿಂದ ಚೆಲ್ಲಿದ ಶಾವಿಗೆಯಂತೆ ದಿಕ್ಕಾಪಾಲು. ಎರಡನೆಯ ದಿನಕ್ಕೆ ಆ ಶಾವಿಗೆ ಒಟ್ಟಾಗಿ ಒಂದೇ ದಾರಿ ಹಿಡಿಯುತ್ತಿತ್ತು.

ಚನ್ನವೀರನ ಗೆರೆ ಯಾವತ್ತೂ ಚೆಲ್ಲಾಪಿಲ್ಲಿಯಾಗಿರಲಿಲ್ಲ. ಮೊದಲ ದಿನದಿಂದಲೂ ಅದೇ ಕುಡುಗೋಲು. ಗುರಿಯನ್ನು ದಾಟಿ ಹೋಗಿ ಹಿಂದಕ್ಕೆ ಬರುವುದು. ಬೇಸಿಗೆಯಲ್ಲಿ ಸಣ್ಣದಿತ್ತು, ಈಗ ದೊಡ್ಡದಾಗಿತ್ತು. ಗುಬ್ಬಿ ದಿನದಿಂದ ದಿನಕ್ಕೆ ಚೆನ್ನಾಗಿ ಹಾರಿದ್ದನ್ನೇ ನೋಡುತ್ತ ಕೂತವರು, ಕೈ ದಿನದಿಂದ ದಿನಕ್ಕೆ ಕೆಡುತ್ತಿದ್ದುದನ್ನು ನೋಡಿರಲಿಲ್ಲ. ಕೆಟ್ಟಷ್ಟನ್ನೂ ಚಿಪ್ಪು ತುಂಬಿಕೊಡುತ್ತಿತ್ತು.

"ಅಕ್ಕಾರ" ಎಂದಳು ಮೆಹರುನ್ನಿಸಾ. ಅವಳ ದನಿ ಸಣ್ಣಗಾಗಿತ್ತು. "ಇದು ಬರದ ಕೈ ಅಲ್ರಿ. ನಾವು ಚಪ್ಪಾಳಿ ಹೊಡದ್ವಿ."

ನೀಲಾಂಬಿಕೆ ಹೆಸರು ಹೇಳದೆ ಆ ಗೆರೆಗಳನ್ನು ಪರಿಚಯದ ನರರೋಗ ತಜ್ಞೆಗೆ ಕಳಿಸಿದಳು. ಉತ್ತರಕ್ಕೆ ಕಾಯುವಾಗ ಗೋದಾಮಿನ ಈ ತುದಿಯಿಂದ ಆ ತುದಿಗೆ ಎಷ್ಟು ಸಲ ನಡೆದಳೋ. ಡಾಕ್ಟರು ಮರಳಿ ಫೋನ್ ಮಾಡಿ ಮೊದಲು ಕೇಳಿದ್ದು, "ಈ ಮನುಷ್ಯಾ ಗಾಡಿ ನಡಸ್ತಾನೇನ್ರಿ?" ಎಂದು.

ಅದು ಕಿರುಮೆದುಳಿನ ತೊಂದರೆ ಇದ್ದಂತಿದೆ, ಕರೆತಂದು ತೋರಿಸಿ ಎಂದರು. ಕಿರುಮೆದುಳು ಸವೆಯುತ್ತ ಬಂದರೆ ಕೈಕಾಲಿಗೆ ಅಳತೆ ತಪ್ಪುತ್ತದೆ. ಹೊಸ ವಿದ್ಯೆ ಒಳಗೆ ಹೋಗುವುದಿಲ್ಲ, ಹಳೆಯ ರೂಢಿ ಮಾತ್ರ ಕೆಲಕಾಲ ನಿಲ್ಲುತ್ತದೆ. ಮೂವತ್ತು ವರ್ಷ ನಡೆಸಿದ ಗಾಡಿಯಾದರೆ ಆ ರೂಢಿಯೇ ಎಲ್ಲವನ್ನೂ ಮುಚ್ಚಿಟ್ಟಿರುತ್ತದೆ. "ಎಷ್ಟು ದಿನ ಮುಚ್ಚಿಡತದ ಅಂತ ನಾ ಹೇಳಲಿಕ್ಕೆ ಬರೂದಿಲ್ಲ. ಗಾಡಿ ಮಾತ್ರ ಬ್ಯಾಡ" ಎಂದರು.

ನೀಲಾಂಬಿಕೆ ಇದನ್ನು ಕಟ್ಟಿಗೆ ಹೇಳಿದಳು. ಅವನು ಕೆಟ್ಟವನಲ್ಲ. ಮುಖ ಸಪ್ಪಗಾಗಿ, "ನನಗ ಖರೇನ ಗೊತ್ತಿರಲಿಲ್ಲ ಅಕ್ಕಾರ" ಎಂದ. ಆಮೇಲೆ ಕಿಟಕಿಯ ಕಡೆ ತಿರುಗಿ, "ಗುರುವಾರದ ತನಕಾ ಅವರಿಗೆ ಹೇಳಬ್ಯಾಡ್ರಿ. ಎದಿ ಒಡಕೊಂಡ್ರ ಕನ್ನಡಕ ಸೈತ ಹಾಕ್ಕೊಳ್ಳೂದಿಲ್ಲ" ಎಂದ. ನೀಲಾಂಬಿಕೆಗೆ ಅವನ ಮೇಲೆ ಸಿಟ್ಟು ಬಂತು. ತನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು, ಯಾಕೆಂದರೆ ಗಂಡನ ಕೈ ಕೆಟ್ಟಿದ್ದರಿಂದಲೇ ತನ್ನ ಚಿಪ್ಪು ಗೆದ್ದಿತ್ತು.

ಮಧ್ಯಾಹ್ನ ಚನ್ನವೀರ ಗೋದಾಮಿಗೆ ಬರುವ ಮುಂಚೆಯೇ ಅವಳು ಒಂದು ಕೈಗುಣ ಚಿಪ್ಪನ್ನು ಬುತ್ತಿಯ ಚೀಲದಲ್ಲಿ ಇಟ್ಟುಕೊಂಡು ಹೊರಬಿದ್ದಳು. ಆಟೋದಲ್ಲಿ ಕುಳಿತಾಗ ತನ್ನ ಲೆಕ್ಕ ತನಗೇ ಸರಿಯಾಗಿ ಕಂಡಿತು. ಈಗಿನ ಕಾರುಗಳಲ್ಲಿ ಸ್ಟೇರಿಂಗಿಗೂ ಚಕ್ರಕ್ಕೂ ನಡುವೆ ಸರಳಿಲ್ಲ, ಬರೀ ತಂತಿ. ಬ್ರೇಕಿಗೂ ಅಷ್ಟೇ. ಚಿಪ್ಪನ್ನು ಆ ತಂತಿಗೆ ಸೇರಿಸಿದರೆ ಗುಬ್ಬಿಯ ಹಾಗೆ ಕಾರೂ ಅವನ ಮನಸ್ಸಿನ ಮಾತು ಕೇಳುತ್ತದೆ. ಮಾಸ್ತರಿಕೆ ಉಳಿಯುತ್ತದೆ, ಗೌರವ ಉಳಿಯುತ್ತದೆ, ಸೋಮವಾರ ದಾನಿಯೂ ಅಪ್ಪನ ಪಕ್ಕದಲ್ಲಿ ಕೂರಬಹುದು. ಕನ್ನಡಕವನ್ನು ನೋಡಿದವರು ಮಾಮೂಲಿ ಕನ್ನಡಕ ಎಂದುಕೊಳ್ಳುತ್ತಾರೆ, ಯಾರಿಗೂ ಗೊತ್ತಾಗುವುದಿಲ್ಲ. ಗಂಡನನ್ನು ಕಳೆದುಕೊಳ್ಳದೆ ಇರಲು ಅವಳು ಆ ಹೊತ್ತಿನಲ್ಲಿ ಏನನ್ನಾದರೂ ನಂಬುತ್ತಿದ್ದಳು.

ಡ್ರೈವಿಂಗ್ ಸ್ಕೂಲಿನ ಬಯಲಿನಲ್ಲಿ ಪಾಠ ನಡೆದಿತ್ತು. ಶಾಲೆಯೊಂದರ ಕಮಲಾಕ್ಷಿ ಟೀಚರು ಸ್ಟೇರಿಂಗ್ ಹಿಡಿದು ಬೆವರುತ್ತಿದ್ದರು. ಪಕ್ಕದ ಸೀಟಿನಲ್ಲಿ ಚನ್ನವೀರ. ಅವನ ಕಾಲಡಿ ಮಾಸ್ತರರಿಗೆಂದೇ ಇರುವ ಎರಡನೆಯ ಬ್ರೇಕು. ಹೆಂಡತಿಯನ್ನು ಕಂಡು ಹಿಂದೆ ಕೂರು ಎಂದು ಕೈ ಮಾಡಿದ. ಎದುರಿಗೆ ಅವನ ಪ್ರಸಿದ್ಧ ಉಸುಕಿನ ಚೀಲಗಳ ಸಾಲು.

"ನಿಧಾನ ಬಾಯಾರ. ಇವತ್ತ ಗುದ್ದೂದಿಲ್ಲ, ಮೊನ್ನೆ ಗುದ್ದೂದು ಮುಗದೈತಿ. ಇವತ್ತ ಚೀಲದ ಮುಂದ ನಿಲ್ಲಸೂದು. ಜಾಸ್ತಿ ಬಂದ್ರ ನಾ ಅದೀನಿ."

ಟೀಚರು ಗಾಬರಿಯಲ್ಲಿ ತುಸು ಜೋರಾಗಿಯೇ ಬಂದರು. ನೀಲಾಂಬಿಕೆ ಹಿಂದಿನಿಂದ ಗಂಡನ ಕಾಲನ್ನೇ ನೋಡುತ್ತಿದ್ದಳು. ಕಾಲು ಎದ್ದಿತು, ಬ್ರೇಕನ್ನು ದಾಟಿ ಬದಿಗೆ ಬಿತ್ತು, ಹಿಂದಕ್ಕೆ ಬಂದು ಒತ್ತಿತು. ಅಷ್ಟರಲ್ಲಿ ಕಾರು ಚೀಲಕ್ಕೆ ಗುದ್ದಿ ಉಸುಕು ಹಾರಿತು.

"ಅಯ್ಯ, ತಪ್ಪಾತ್ರಿ ಸರ. ನನಗ ಈ ಜನ್ಮದಾಗ ಬರೂದಿಲ್ಲ ಬಿಡ್ರಿ" ಎಂದರು ಟೀಚರು. ಕಣ್ಣು ತುಂಬಿ ಬಂದಿತ್ತು.

ಚನ್ನವೀರ ಕೈಚಾಚಿ ಎಂಜಿನ್ ಬಂದ್ ಮಾಡಿದ. ಇವತ್ತಿಗೆ ಸಾಕು ಎಂದಷ್ಟೇ ಹೇಳಿ ಇಳಿಸಿ ಕಳಿಸಿದ. ಟೀಚರು ತಲೆ ತಗ್ಗಿಸಿ ರಸ್ತೆಯ ಕಡೆ ನಡೆದು ಹೋಗುವುದನ್ನು ಗಂಡ ಹೆಂಡತಿ ಇಬ್ಬರೂ ಕಾರಿನೊಳಗೆ ಕುಳಿತು ನೋಡಿದರು.

"ಅದು ಅವರ ತಪ್ಪಲ್ಲ" ಎಂದಳು ನೀಲಾಂಬಿಕೆ.

"ಗೊತ್ತೈತಿ."

"ಯಾವಾಗಿಂದ ಗೊತ್ತೈತ್ರಿ?"

ಅವನು ಕನ್ನಡಿಯಲ್ಲಿ ಅವಳನ್ನು ನೋಡಿದ. "ಬ್ಯಾಸಗಿ ಮದಲ. ಚಾವಿ ತೂತಿಗೆ ಹೋಗ್ತಿದ್ದಿಲ್ಲ. ಸುಮ್ನ ದಣಿವು ಅಂದ್ಕೊಂಡೆ. ಆಮ್ಯಾಲ ನಿಮ್ಮ ಗೋದಾಮಿಗೆ ಬಂದೆ."

"ಡ್ರೋನ್ ಕಲಿಯಾಕ ಬಂದಿದ್ರಿ."

"ಕಲಿಯಾಕ ಬಂದಿದ್ದೆ. ಬರಲಿಲ್ಲ. ಅಲ್ಲೆ ಬೀಳಿಸಿದ್ರ ಎಲ್ಲಾರೂ ಚಪ್ಪಾಳಿ ತಟ್ಟತಿದ್ರು ನೀಲಾ. ಹೊರಗ ಲೋಟಾ ಬಿದ್ರ ಮಂದಿ ಮಾರಿ ನೋಡ್ತಾರ. ಬಿದ್ರ ಶಾಬಾಸ್ ಅನ್ನೂ ಜಾಗ ಅದೊಂದ ಇತ್ತು. ದಿನಾ ಅದಕ್ಕ ಬರ್ತಿದ್ದೆ."

ನೀಲಾಂಬಿಕೆಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ಬುತ್ತಿಯ ಚೀಲದಿಂದ ಚಿಪ್ಪು ತೆಗೆದು, ಡಾಕ್ಟರು ಹೇಳಿದ್ದನ್ನೂ ತಾನು ಆಟೋದಲ್ಲಿ ಹಾಕಿದ ಲೆಕ್ಕವನ್ನೂ ಒಂದೇ ಉಸಿರಿಗೆ ಹೇಳಿದಳು. ಅವನು ಚಿಪ್ಪನ್ನು ಅಂಗೈಯಲ್ಲಿ ಇಟ್ಟುಕೊಂಡು ತಿರುವಿ ನೋಡಿದ. ಆಸೆ ಅವನ ಮುಖದಲ್ಲಿ ಕಾಣುತ್ತಿತ್ತು.

"ಹಚ್ಚಿದ್ರ ಯಾರಿಗೂ ಗೊತ್ತಾಗೂದಿಲ್ಲಾ?"

"ಇಲ್ಲ."

"ನನಗ? ನನ್ನ ಕಾಲು ತಪ್ಪಿದ್ರ, ತಪ್ಪೇತಿ ಅಂತ ನನಗರೆ ಗೊತ್ತಾಗ್ತೈತೇನು?"

ಅವಳು ಉತ್ತರ ಕೊಡಲು ಬಾಯಿ ತೆರೆದಳು, ಸುಳ್ಳು ಹೇಳಬೇಕೆಂದು ಬಹಳ ಅನಿಸಿತು. "ಇಲ್ಲ" ಎಂದಳು. "ಗಾಡಿ ಸರಿಯಾಗಿ ನಿಂತಬಿಡ್ತೈತಿ. ನೀವ ನಿಲ್ಲಸಿದ್ರಿ ಅನ್ನಸ್ತೈತಿ."

"ಹಂಗಾದ್ರ ಒಂದಿನ ಇದು ಕೆಟ್ಟು ನಿಲ್ಲೂತನಕಾ ನಾ ಭೇಷ್ ಡ್ರೈವರ್. ಅವತ್ತ ಪಕ್ಕದಾಗ ನಮ್ಮ ದಾನಿ ಇರ್ತಾಳ" ಎಂದು ಅವನು ಚಿಪ್ಪನ್ನು ಅವಳ ಕೈಗೆ ಮರಳಿ ಇಟ್ಟ. ಇಡುವಾಗ ಕೈ ಅವಳ ಅಂಗೈಯನ್ನು ದಾಟಿ ಮುಂಗೈಗೆ ತಾಗಿತು. ಅವಳೇ ಹಿಡಿದುಕೊಂಡಳು.

ಆಮೇಲೆ ಅವನು ಫೋನ್ ತೆಗೆದು ಕಮಲಾಕ್ಷಿ ಟೀಚರಿಗೆ ಹಚ್ಚಿದ. "ಬಾಯಾರ, ಅಂಗಡಿ ಮಾತಾಡತೀನಿ. ಚೀಲಕ್ಕ ಗುದ್ದಿದ್ದು ನಿಮ್ಮ ತಪ್ಪಲ್ರಿ. ನನ್ನ ಕಾಲು ತಡಾ ಆತು. ಅಲ್ಲೇ ಹೇಳಬೇಕಿತ್ತು, ಹೇಳಲಿಲ್ಲ. ನಿಮಗ ಚಲೋ ಬರ್ತೈತಿ. ಬ್ಯಾರೆ ಮಾಸ್ತರನ್ನ ನಾನ ಹುಡುಕಿ ಕೊಡತೀನಿ." ಅತ್ತಲಿಂದ ಏನು ಕೇಳಿದರೋ, "ಹೂಂರಿ, ನಾ ಬಿಟ್ಟೆ" ಎಂದು ಫೋನ್ ಇಟ್ಟ. ಅವತ್ತು ಕಾರನ್ನು ಬಯಲಿನಲ್ಲೇ ಬಿಟ್ಟು ಇಬ್ಬರೂ ಬಸ್ಸಿನಲ್ಲಿ ಮನೆಗೆ ಹೋದರು.

ಗುರುವಾರ ಅವನು ಬರುವುದಿಲ್ಲವೆಂದು ಕಟ್ಟಿ ಆಸೆ ಕೈಬಿಟ್ಟಿದ್ದ. ಚನ್ನವೀರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ಪುಣೆಯವರ ಎದುರಿಗೆ ಕನ್ನಡಕ ಏರಿಸಿ ಗುಬ್ಬಿಯನ್ನು ಎಬ್ಬಿಸಿದ. ಅದು ಬಟ್ಟೆ ಹಗ್ಗಗಳ ನಡುವೆ ನುಸುಳಿ, ಕಂಬ ಸುತ್ತಿ, ತುಂಬಿದ ನೀರಿನ ಲೋಟವನ್ನು ಒಂದು ಹನಿ ಚೆಲ್ಲದೆ ಕಟ್ಟೆಯ ಮೇಲೆ ಇಳಿಸಿತು. ಬಂದವರು ಚಪ್ಪಾಳೆ ತಟ್ಟಿದರು. ಗೋದಾಮಿನವರು ಯಾರೂ ತಟ್ಟಲಿಲ್ಲ.

"ಈಗ ಚಿಪ್ಪು ಬಂದ್ ಮಾಡಿ ತೋರಸ್ರಿ" ಎಂದ ಚನ್ನವೀರ.

ಕಟ್ಟಿ ಬಿಳಿಚಿಕೊಂಡ. ನೀಲಾಂಬಿಕೆ ಯಾರ ಅಪ್ಪಣೆಗೂ ಕಾಯದೆ ಬಂದ್ ಮಾಡಿದಳು. ಗುಬ್ಬಿ ಎದ್ದು, ಕುಡುಗೋಲಿನಂತೆ ಬಾಗಿ, ಕಂಬಕ್ಕೆ ಬಡಿದು ಬಿತ್ತು. ಬ್ಯಾಟರಿ ಜಿಗಿದು ಪುಣೆಯವರ ಕಾಲ ಬಳಿ ಉರುಳಿತು. ಚನ್ನವೀರ ಹೋಗಿ ಎತ್ತಿ ತಂದ. ಬ್ಯಾಟರಿ ಸಿಕ್ಕಿಸಲು ಅವನಿಗೆ ಹೊತ್ತು ಹಿಡಿಯಿತು, ಮೆಹರುನ್ನಿಸಾ ಸಹಾಯಕ್ಕೆ ಹೋಗಲು ಎದ್ದವಳು ಅವನ ಮುಖ ನೋಡಿ ಕುಳಿತಳು. ಮತ್ತೆ ಹಾರಿಸಿದ, ಮತ್ತೆ ಬಿತ್ತು. ಇನ್ನೂ ಒಮ್ಮೆ. ಗುಬ್ಬಿಗೆ ಏನೂ ಆಗಲಿಲ್ಲ. "ಇದರ ಮೈ ಗಟ್ಟಿ ಐತಿ. ಮೊದಲು ಹಾರಿದ್ದು ನಾನಲ್ಲ, ಚಿಪ್ಪು. ಎರಡೂ ನಿಮಗ ಗೊತ್ತಿರ್ಲಿ" ಎಂದು ಹೇಳಿ ಕನ್ನಡಕ ತೆಗೆದಿಟ್ಟು ಹೊರಗೆ ಹೋದ.

ಆಮೇಲೆ ಒಳಗೆ ದೊಡ್ಡ ಜಗಳವೇ ಆಯಿತು. ಚಿಪ್ಪು ತಾನು ಎಷ್ಟು ತುಂಬಿಕೊಡುತ್ತಿದ್ದೇನೆ ಎಂದು ತೋರಿಸುವ ಒಂದು ಸಣ್ಣ ದೀಪ ಗುಬ್ಬಿಯ ಮೇಲೆ ಇರಬೇಕು, ಕೈ ಕಲಿತಂತೆಲ್ಲ ಅದು ಮಂಕಾಗಬೇಕು ಎಂದು ನೀಲಾಂಬಿಕೆ ಹಟ ಹಿಡಿದಳು.

"ಯಾರ ದೀಪ ಮಂಕಾಗೂದಿಲ್ಲ, ಅವರ ಗತಿ ಏನು? ಮನಿಗೆ ಸಾಮಾನು ತರಸ್ಕೊಂಡವರಿಗೆ ರೋಗ ಹೇಳೂದು ನಮ್ಮ ಕೆಲಸ ಏನ್ರಿ?" ಎಂದ ಕಟ್ಟಿ.

"ರೋಗ ಹೇಳೂದು ಬ್ಯಾಡ. ನಾವು ಎಷ್ಟು ಮುಚ್ಚೇವಿ ಅನ್ನೂದನ್ನ ಹೇಳೂಣು."

ಪುಣೆಯಿಂದ ಬಂದ ಹಿರಿಯ ಹೆಂಗಸೊಬ್ಬರು ತಮ್ಮ ಕೈಯನ್ನು ಮೇಜಿನ ಮೇಲೆ ಚಾಚಿ, ಬೆರಳುಗಳನ್ನು ಒಮ್ಮೆ ನೋಡಿಕೊಂಡು, ದೀಪ ಇರಲಿ ಎಂದು ಹಿಂದಿಯಲ್ಲಿ ಹೇಳಿದರು. ಕಟ್ಟಿ ಒಪ್ಪಿದ. ಒಪ್ಪದೆ ಗತಿಯಿರಲಿಲ್ಲ.

ಸೋಮವಾರ ಬಂತು. ಬೇರೆ ಮಾಸ್ತರರ ಹತ್ತಿರ ಕಲಿಯಲು ದಾನಿ ಸುತಾರಾಂ ಒಪ್ಪಲಿಲ್ಲ. ವಿಷಯ ತಿಳಿದಾಗಿನಿಂದ ಅವಳು ಅಪ್ಪನೊಂದಿಗೆ ಸರಿಯಾಗಿ ಮಾತನಾಡಿರಲಿಲ್ಲ, ಅಳು ಬಂದರೆ ಎಂಬ ಹೆದರಿಕೆಗೆ. ಕೊನೆಗೆ ಚನ್ನವೀರನೇ ಒಂದು ಉಪಾಯ ಹೇಳಿದ. ದಾನಿ ಸ್ಟೇರಿಂಗ್ ಹಿಡಿಯಬೇಕು, ನೀಲಾಂಬಿಕೆ ಮಾಸ್ತರರ ಸೀಟಿನಲ್ಲಿ ಕೂತು ಎರಡನೆಯ ಬ್ರೇಕಿನ ಮೇಲೆ ಕಾಲಿಡಬೇಕು, ತಾನು ಹಿಂದೆ ಕೂತು ಹೇಳುತ್ತ ಹೋಗಬೇಕು. ಬಯಲಿನಲ್ಲಿ ಉಸುಕಿನ ಚೀಲ ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ.

"ನಾ ಬ್ರೇಕ್ ಅಂದ ಕೂಡ್ಲೇ ಒತ್ತು ನೀಲಾ. ಅದಕ್ಕ ಮದಲ ಒತ್ತಬ್ಯಾಡ. ಮದಲ ಒತ್ತಿದ್ರ ಹುಡುಗಿ ಕಲಿಯೂದಿಲ್ಲ."

"ಮತ್ತ ಇವತ್ತ ಗುದ್ದೂದು ಅಂದಿದ್ದಿ?" ಎಂದಳು ದಾನಿ.

"ಇವತ್ತ ಬ್ಯಾಡ. ನಿಮ್ಮವ್ವ ಹೊಸಬಳು. ನಿಲ್ಲಸೂದ ಕಲಿಯೂಣು."

ದಾನಿ ಕಾರು ಹೊರಡಿಸಿದಳು. ಮಗಳು ನೇರವಾಗಿಯೇ ನಡೆಸುತ್ತಿದ್ದಳು, ಹಿಂದಿನಿಂದ ಚನ್ನವೀರನ ದನಿ ಎಂದಿನಂತೆ ತಣ್ಣಗೆ ಬರುತ್ತಿತ್ತು. ಎಡಕ್ಕೆ ಒಂಚೂರು, ಹೂಂ, ಹಂಗ, ಇನ್ನೊಂದೀಟು. ನೀಲಾಂಬಿಕೆ ಬ್ರೇಕಿನ ಮೇಲೆ ಕಾಲನ್ನು ಹಗುರಾಗಿ ಇಟ್ಟುಕೊಂಡಿದ್ದಳು. ಚೀಲಗಳು ಹತ್ತಿರ ಬಂದವು. ಅವಳು ಆ ಒಂದು ಮಾತಿಗಾಗಿ ಕಿವಿ ತೆರೆದು ಕೂತಳು. ಮಾತು ಬರಲಿಲ್ಲ. ಒತ್ತಿಬಿಡಲೇ ಎಂದುಕೊಂಡಳು, ಮೊದಲು ಒತ್ತಬೇಡ ಎಂದಿದ್ದಾನಲ್ಲ ಎಂದುಕೊಂಡಳು. ಅಷ್ಟರಲ್ಲಿ ಕಾರು ಧಸಕ್ಕನೆ ಚೀಲಕ್ಕೆ ಗುದ್ದಿ ನಿಂತಿತು.

"ಅಪ್ಪಾ, ಯಾಕ ಹೇಳಲಿಲ್ಲ?" ಎಂದು ದಾನಿ ತಿರುಗಿದಳು.

ನೀಲಾಂಬಿಕೆಯೂ ತಿರುಗಿದಳು. ಚನ್ನವೀರ ಎದುರಿನ ಸೀಟಿನ ಬೆನ್ನು ಹಿಡಿದು ಮುಂದಕ್ಕೆ ಬಾಗಿ ಕೂತಿದ್ದ. ಅವನ ಬಲಗಾಲು, ಏನೂ ಇಲ್ಲದ ಬರೀ ನೆಲದ ಮೇಲೆ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಒತ್ತಿಕೊಂಡಿತ್ತು.

ಅವನು ತನ್ನ ಕಾಲನ್ನು ತಾನೇ ನೋಡಿದ. "ಹೇಳೂದು ಮರತೆ" ಎಂದ. "ನಾನ ಒತ್ತಿದ್ದೆ."

ಗಾಜಿನ ಮೇಲೆ ಬಿದ್ದ ಉಸುಕನ್ನು ದಾನಿ ವೈಪರ್ ಹಾಕಿ ಸರಿಸಿದಳು. ಚನ್ನವೀರ ಎರಡೂ ಕೈಯಿಂದ ಮೊಣಕಾಲು ಹಿಡಿದು, ಕಾಲನ್ನು ಎತ್ತಿ, ಸೀಟಿನ ಕೆಳಗೆ ಹಿಂದಕ್ಕೆ ಇಟ್ಟುಕೊಂಡ.

"ಹಿಂದ ತಗೋ ದಾನಿ" ಎಂದ. "ಈ ಸಲ ಬಾಯಿಲೆ ಒತ್ತತೀನಿ."

ದಾನಿ ಕನ್ನಡಿ ನೋಡಿಕೊಂಡು ಕಾರನ್ನು ನಿಧಾನವಾಗಿ ಹಿಂದಕ್ಕೆ ತಂದಳು.